ಬ್ಲೂಟೂತ್ ಒಬಿಡಿ ಅಡಾಪ್ಟರ್: ಇಳಿಜಾರಿನಲ್ಲಿ ಗೇರೋ, ನ್ಯೂಟ್ರಲ್ಲೋ?

ಕಾರಿನ ಸ್ಟೀರಿಂಗ್ ಕೆಳಗಿನ 16 ಪಿನ್ ಸಾಕೆಟ್‌ಗೆ (ಅದೇ ಒಬಿಡಿ, ಗಾಡಿಯ ಕಂಪ್ಯೂಟರ್‌ನಿಂದ ಮಾಹಿತಿ ಓದುವ ಜಾಗ) ಸಿಕ್ಕಿಸುವ ಪುಟ್ಟ ಡಬ್ಬಿ ಇದು. ಎಂಜಿನ್ನಿನ ರೀಡಿಂಗ್‌ಗಳನ್ನು ಫೋನಿನ ಆ್ಯಪ್‌ನಲ್ಲಿ ತೋರಿಸುತ್ತದೆ. ನಾನು ಕೊಂಡದ್ದು ಒಂದೇ ಕಾರಣಕ್ಕೆ. ಇಳಿಜಾರಿನಲ್ಲಿ ನ್ಯೂಟ್ರಲ್ ಹಾಕಿದರೆ ಪೆಟ್ರೋಲ್ ಉಳಿಯುತ್ತದೆ ಅಂತ ನಮ್ಮ ಭಾವನ ವಾದ. ಬಾಯಿಮಾತಿಗೆ ಒಪ್ಪುವವರಲ್ಲ. ಫೋನ್ ಅವರ ಕೈಗೆ ಕೊಟ್ಟು ನಾನು ಗಾಡಿ ಓಡಿಸಿದೆ.

ಮೂರನೇ ಗೇರ್‌ನಲ್ಲಿ, 2000 ಆರ್‌ಪಿಎಂ ಹತ್ತಿರ, ಆಕ್ಸಿಲರೇಟರ್‌ನಿಂದ ಕಾಲು ಪೂರ್ತಿ ತೆಗೆದೆ. ಹೊಗೆ ಪೈಪಿನಲ್ಲಿ ಆಕ್ಸಿಜನ್ ಸೆನ್ಸರ್ ಇರುತ್ತದೆ, ಹೊಗೆಯಲ್ಲಿ ಆಮ್ಲಜನಕ ಜಾಸ್ತಿ ಇದ್ದರೆ ಅದರ ರೀಡಿಂಗ್ ಕಡಿಮೆ. ಅಲ್ಲಿಯವರೆಗೆ ಮೇಲೆ ಕೆಳಗೆ ಕುಣಿಯುತ್ತಿದ್ದ ಆ ರೀಡಿಂಗ್ ಸೀದಾ ಸೊನ್ನೆಯ ಹತ್ತಿರ ಬಿದ್ದು ಅಲ್ಲೇ ಮಲಗಿತು. ಅಂದರೆ ಪೆಟ್ರೋಲ್ ಚಿಮ್ಮಿಸುವ ಇಂಜೆಕ್ಟರ್ ಬಂದ್, ಹೊಗೆ ಪೈಪಿನಲ್ಲಿ ಬರೀ ಗಾಳಿ. ಎಂಜಿನ್ನನ್ನು ತಿರುಗಿಸುತ್ತಿರುವುದು ಚಕ್ರಗಳೇ. ನ್ಯೂಟ್ರಲ್‌ಗೆ ಹಾಕಿದೆ. ಆರ್‌ಪಿಎಂ 800ಕ್ಕೆ ಇಳಿಯಿತು, ರೀಡಿಂಗ್ ಮತ್ತೆ ಕುಣಿಯತೊಡಗಿತು. ಎಂಜಿನ್ ಆರದಂತೆ ಪೆಟ್ರೋಲ್ ಸುಡಲೇಬೇಕಲ್ವಾ? ಭಾವ ಎರಡು ಸಲ ಮಾಡಿಸಿ ನೋಡಿದರು. ಅವರು ಗಾಡಿ ಕಲಿತದ್ದು ಇಂಜೆಕ್ಟರ್ ಬದಲು ಕಾರ್ಬ್ಯುರೇಟರ್ ಇದ್ದ ಕಾಲದಲ್ಲಿ. ಅದರಲ್ಲಿ ಎಂಜಿನ್ ಜೋರಾಗಿ ತಿರುಗಿದಷ್ಟೂ ಪೆಟ್ರೋಲ್ ಎಳೆಯುತ್ತಿತ್ತು, ಹಾಗಾಗಿ ಅವರ ಲೆಕ್ಕಕ್ಕೆ ಆಗ ಅರ್ಥವಿತ್ತು.

ಆ್ಯಪ್ ತೋರಿಸುವ ಮೈಲೇಜ್ ಅಂಕಿಯನ್ನು ಮಾತ್ರ ಇಳಿಜಾರಿನಲ್ಲಿ ನಂಬಬೇಡಿ. ನನ್ನ ಆ್ಯಪ್ ಅದನ್ನು ಒಳಗೆ ಹೋಗುವ ಗಾಳಿಯ ಲೆಕ್ಕದಿಂದ ತೆಗೆಯುತ್ತದೆ. ಇಂಜೆಕ್ಟರ್ ನಿಂತರೂ ಗಾಳಿ ಹೋಗುತ್ತಲೇ ಇರುತ್ತದೆ. ಹಾಗಾಗಿ ಸುಡದ ಪೆಟ್ರೋಲನ್ನೂ ಲೆಕ್ಕಕ್ಕೆ ಹಿಡಿಯುತ್ತದೆ. ಇದು ದೊಡ್ಡ ಕೊರತೆ. ಆ್ಯಪ್‌ನಲ್ಲಿ ಒಂದೇ ಸಲ ಜಾಸ್ತಿ ಮೀಟರ್ ತೆರೆದರೆ ರೀಡಿಂಗ್ ನಿಧಾನವಾಗುತ್ತದೆ. ಎರಡು ಮೂರು ಸಾಕು.

ಸಮತಟ್ಟಾದ ರಸ್ತೆಯಲ್ಲಿ ನ್ಯೂಟ್ರಲ್‌ನಲ್ಲಿ ಗಾಡಿ ಜಾಸ್ತಿ ದೂರ ಉರುಳುತ್ತದೆ, ನಿಜ. ಗೇರ್‌ನಲ್ಲಿ ಬೇಗ ನಿಧಾನವಾಗಿ, ಮತ್ತೆ ಆಕ್ಸಿಲರೇಟರ್ ಒತ್ತಬೇಕಾದರೆ ಉಳಿಸಿದ್ದು ಅಲ್ಲೇ ಹೋಗುತ್ತದೆ. ಆದರೆ ಉದ್ದದ ಇಳಿಜಾರಿನಲ್ಲಿ ನ್ಯೂಟ್ರಲ್ ಬೇಡವೇ ಬೇಡ. ಎಂಜಿನ್ನಿನ ಹಿಡಿತ ತಪ್ಪಿ ಭಾರವೆಲ್ಲ ಬ್ರೇಕ್ ಮೇಲೆ ಬೀಳುತ್ತದೆ. ಬ್ರೇಕ್ ಕಾದರೆ ಹಿಡಿಯುವುದು ಕಡಿಮೆ. ಆ ಬಿಸಿಯನ್ನು ಈ ಡಬ್ಬಿ ತೋರಿಸುವುದಿಲ್ಲ, ಅದನ್ನು ಭಾವನಿಗೆ ನಾನೇ ಒತ್ತಿ ಹೇಳಿದೆ.

ಕೊಳ್ಳುವವರಿಗೆ ಇನ್ನೊಂದು ಮಾತು. ಸಾಕೆಟ್‌ಗೆ ಕೀ ಆಫ್ ಆದ ಮೇಲೂ ಕರೆಂಟ್ ಇರುತ್ತದೆ. ಗಾಡಿ ಕೆಲವು ದಿನ ಸುಮ್ನೆ ನಿಲ್ಲುವುದಾದರೆ ಕಿತ್ತಿಡಿ, ಇಲ್ಲದಿದ್ದರೆ ಬ್ಯಾಟರಿ ಇಳಿಯುತ್ತದೆ.