ಮಗುವಿನ ಹೆಸರು ಹುಡುಕುವ ಆ್ಯಪ್: ಐದಕ್ಕೆ ಎರಡು ನಕ್ಷತ್ರ

ನಮ್ಮದು ಕಾಸರಗೋಡಿನ ಬದಿಯಡ್ಕ. ಮಗಳು ಹುಟ್ಟಿದ್ದು ಹಸ್ತ ನಕ್ಷತ್ರದ ಮೂರನೇ ಪಾದದಲ್ಲಿ. ನಕ್ಷತ್ರದ ನಾಲ್ಕು ಪಾದಗಳಿಗೆ ಒಂದೊಂದು ಅಕ್ಷರ, ಹುಟ್ಟಿದ ಪಾದದ ಅಕ್ಷರದಿಂದ ಹೆಸರು ಶುರುವಾಗಬೇಕು ಎಂಬುದು ರೂಢಿ. ಹಸ್ತದ ಅಕ್ಷರಗಳು ಪೂ, ಷ, ಣ, ಠ. ಮೂರನೇ ಪಾದಕ್ಕೆ ‘ಣ’. ‘ಣ’ದಿಂದ ಹೆಸರು ಎಲ್ಲಿಂದ ತರುವುದು? ತೊಟ್ಟಿಲಿಗೆ ಹಾಕಲು ನಾಲ್ಕೇ ದಿನ ಇತ್ತು. 99 ರೂಪಾಯಿ ಕೊಟ್ಟು ಆ್ಯಪ್ ಹಾಕಿಕೊಂಡೆ.

ನಕ್ಷತ್ರ ಒತ್ತಿದರೆ ಅಕ್ಷರ ತಾನೇ ಬರುತ್ತದೆ, ಅದು ಒಳ್ಳೆಯದು. ಆದರೆ ಕನ್ನಡ ತುಂಬಾ ಕೆಟ್ಟದಾಗಿದೆ. ‘ಪೂರ್ವಿ’ ಅಂತ ಇರಬೇಕಾದಲ್ಲಿ ‘ಪೂರವಿ’. ‘ಪೂಷಾ’ ಅಂತ ಹೆಣ್ಣು ಹೆಸರುಗಳ ಪಟ್ಟಿಯಲ್ಲಿದೆ, ಪೂಷ ಅಂದರೆ ಸೂರ್ಯ ಅಲ್ವಾ! ಅರ್ಥ ನೋಡಿ ಹೆಸರಿಡುವವರಿಗೆ ಇದು ಸಣ್ಣ ತಪ್ಪಲ್ಲ. ‘ಣ’ ಒತ್ತಿದರೆ ಖಾಲಿ ಪರದೆ. ಅದೇ ನಕ್ಷತ್ರದ ‘ಪೂ’ ತೆಗೆದುಕೊಳ್ಳಬಹುದು ಎಂದು ಒಂದು ಸಾಲು ಬರೆದಿದ್ದರೆ ಸಾಕಿತ್ತು. ಅದನ್ನು ಹೇಳಿದ್ದು ನಮ್ಮ ಅತ್ತೆ.

ಕೊನೆಗೆ ‘ಪೂರ್ವಿ’ ಅಂತಲೇ ಇಟ್ಟೆವು. ಅತ್ತೆ ವೀಳ್ಯದೆಲೆ ಅಡ್ಡ ಹಿಡಿದು ಮಗುವಿನ ಕಿವಿಯಲ್ಲಿ ಮೂರು ಸಲ ಹೇಳಿದರು. ಮಗು ಕಣ್ಣು ಬಿಟ್ಟು ನೋಡಿತು. ನನಗೆ ಅಳುವೇ ಬಂತು.

ನಮ್ಮ ಕಾಸರಗೋಡಿನವರಿಗೆ ಇನ್ನೊಂದು ಮಾತು. ಇಲ್ಲಿ ಜನನ ಪ್ರಮಾಣಪತ್ರದಲ್ಲಿ ಹೆಸರು ಮಲಯಾಳಂ, ಇಂಗ್ಲಿಷಿನಲ್ಲಿ ಬರುತ್ತದೆ. ಇಂಗ್ಲಿಷ್ ಅಕ್ಷರಗಳನ್ನು ಮನೆಯಲ್ಲೇ ಬರೆದುಕೊಂಡು ಹೋಗಿ. ಅವಸರ ಬೇಡ, ಜನನ ನೋಂದಣಿಯಾಗಿ 12 ತಿಂಗಳವರೆಗೆ ಶುಲ್ಕವಿಲ್ಲದೆ ಹೆಸರು ಸೇರಿಸಬಹುದು.