ನಾಳೆ ಒಂಬತ್ತರ ಕ್ಲೈಂಟ್‌ಗೆ ಫೋನ್ ಮಾಡುವವರು ಯಾರು? ಥೆರಪಿಸ್ಟ್‌ಗಳ ತುರ್ತು ಏರ್ಪಾಟುಗಳ ವಿಮರ್ಶೆ

ಒಬ್ಬರೇ ಪ್ರಾಕ್ಟೀಸ್ ನಡೆಸುವ ಥೆರಪಿಸ್ಟ್ ಒಂದು ರಾತ್ರಿ ಆಸ್ಪತ್ರೆ ಸೇರಿದರು ಎಂದುಕೊಳ್ಳಿ. ಪ್ರಜ್ಞೆ ಇಲ್ಲ. ಬೆಳಿಗ್ಗೆ ಒಂಬತ್ತಕ್ಕೆ ಒಬ್ಬ ಕ್ಲೈಂಟ್, ಹತ್ತೂಕಾಲಿಗೆ ಇನ್ನೊಬ್ಬರು. ಅವರ ನಂಬರ್ ಇರುವುದು ಲಾಕ್ ಆದ ಫೋನಿನಲ್ಲಿ. ಮನೆಯವರಿಗೆ ಆ ಹೆಸರುಗಳು ಗೊತ್ತಿಲ್ಲ, ಗೊತ್ತಿರಲೂಬಾರದು. ಅಪಾಯಿಂಟ್‌ಮೆಂಟ್ ಸಾಫ್ಟ್‌ವೇರ್ ಮಾತ್ರ ತನ್ನ ಪಾಡಿಗೆ ‘ನಾಳೆ ನಿಮ್ಮ ಸೆಷನ್ ಇದೆ’ ಎಂದು ಮೆಸೇಜ್ ಕಳಿಸುತ್ತಲೇ ಇರುತ್ತದೆ.

ಇಂಥ ಹೊತ್ತಿಗೆಂದು ಸಿಗುವ ಏರ್ಪಾಟುಗಳು ನಾಲ್ಕು ಬಗೆಯವು: ಆಪಲ್ ಮತ್ತು ಗೂಗಲ್ ಖಾತೆಗಳ ವಾರಸುದಾರ ಸೌಲಭ್ಯ, ಪಾಸ್‌ವರ್ಡ್ ಮ್ಯಾನೇಜರ್‌ಗಳ (ಎಲ್ಲ ಪಾಸ್‌ವರ್ಡ್‌ಗಳನ್ನು ಒಂದೆಡೆ ಬೀಗ ಹಾಕಿಡುವ ಆ್ಯಪ್‌ಗಳ) ತುರ್ತು ಪ್ರವೇಶ, ರೆಡಿಮೇಡ್ ‘ಪ್ರೊಫೆಷನಲ್ ವಿಲ್’ (ತಾನಿಲ್ಲದಾಗ ಪ್ರಾಕ್ಟೀಸನ್ನು ಯಾರು, ಹೇಗೆ ನೋಡಿಕೊಳ್ಳಬೇಕೆಂದು ಬರೆದಿಡುವ ಪತ್ರ) ನಮೂನೆಗಳು, ಹಣ ಕೊಟ್ಟರೆ ಎಲ್ಲ ನೋಡಿಕೊಳ್ಳುತ್ತೇವೆ ಎನ್ನುವ ಸೇವೆಗಳು. ಎಲ್ಲವನ್ನೂ ಒಂದೇ ಒರೆಗಲ್ಲಿಗೆ ಉಜ್ಜಬಹುದು. ಥೆರಪಿಸ್ಟ್ ಬದುಕಿದ್ದಾರೆ, ಆದರೆ ಮಾತಾಡುವ ಸ್ಥಿತಿಯಲ್ಲಿಲ್ಲ. ನಾಳೆಯ ಮೂರನೇ ಕ್ಲೈಂಟ್‌ನ ಫೋನ್ ನಂಬರ್ ಇಂಥ ಹೊತ್ತಿಗೆಂದು ಮೊದಲೇ ಉಸ್ತುವಾರಿ ವಹಿಸಿದವರ ಕೈಗೆ ಎಷ್ಟು ಹೊತ್ತಿಗೆ ಸಿಗುತ್ತದೆ? ಸಾವಿಗೆಂದು ಮಾಡಿದ ಏರ್ಪಾಟು ಕಾಯಿಲೆಗೂ ಆಗುತ್ತದೆ ಎಂದೇನಿಲ್ಲ. ಹೆಚ್ಚಿನವು ಎಡವುವುದು ಇಲ್ಲೇ.

ಆಪಲ್‌ನ ‘ಲೆಗಸಿ ಕಾಂಟ್ಯಾಕ್ಟ್’ ಐಫೋನ್‌ನ ಐಓಎಸ್ 15.2 ಆವೃತ್ತಿಯಿಂದ ಇದೆ. ಐದು ಜನರವರೆಗೆ ಹೆಸರಿಸಬಹುದು. ಆದರೆ ಆಕ್ಸೆಸ್ ಕೀ (ಹೆಸರಿಸುವಾಗ ಸಿಗುವ ಕೋಡ್) ಜೊತೆಗೆ ಮರಣ ಪ್ರಮಾಣಪತ್ರವನ್ನೂ ಕೇಳುತ್ತದೆ, ಆಪಲ್‌ನದೇ ಪಾಸ್‌ವರ್ಡ್ ಪೆಟ್ಟಿಗೆಯಾದ ಕೀಚೈನ್‌ನಲ್ಲಿರುವ ಪಾಸ್‌ವರ್ಡ್‌ಗಳನ್ನು ಕೊಡುವುದಿಲ್ಲ. ಗೂಗಲ್‌ನ ‘ಇನ್‌ಆಕ್ಟಿವ್ ಅಕೌಂಟ್ ಮ್ಯಾನೇಜರ್’ ಪ್ರಮಾಣಪತ್ರ ಕೇಳುವುದಿಲ್ಲ, ಖಾತೆ ಬಳಕೆಯಲ್ಲಿದೆಯೇ ಎಂದಷ್ಟೇ ನೋಡುತ್ತದೆ. ಆದರೆ ಅದರ ಅತಿ ಕಡಿಮೆ ಕಾಯುವ ಅವಧಿಯೇ 3 ತಿಂಗಳು. ಎರಡೂ ಒರೆಗಲ್ಲಿನಲ್ಲಿ ಸೋತವು. ಇನ್ನೊಂದು ಅಪಾಯವನ್ನು ಯಾರೂ ಹೇಳುವುದಿಲ್ಲ: ಮನೆಯವರಿಗೆ ಫೋಟೊ ಸಿಗಲಿ ಎಂದು ಗಂಡನನ್ನೋ ಹೆಂಡತಿಯನ್ನೋ ಇಲ್ಲಿ ಹೆಸರಿಸಿರುತ್ತಾರೆ, ಅದೇ ಖಾತೆಯಲ್ಲಿ ಕ್ಲೈಂಟ್‌ಗಳ ಮೇಲ್, ಮೆಸೇಜ್, ಟಿಪ್ಪಣಿಗಳೂ ಇರುತ್ತವೆ. ಪ್ರಾಕ್ಟೀಸ್‌ಗೆ ಬೇರೆ ಖಾತೆ ಇಲ್ಲದವರು ಈ ಎರಡು ಸೌಲಭ್ಯಗಳನ್ನು ಆನ್ ಮಾಡುವ ಮೊದಲು ಖಾತೆ ಬೇರೆ ಮಾಡಿಕೊಳ್ಳಲಿ.

ಬಿಟ್‌ವಾರ್ಡನ್ ಎಂಬ ಪಾಸ್‌ವರ್ಡ್ ಮ್ಯಾನೇಜರ್‌ನ ತುರ್ತು ಪ್ರವೇಶ ಇವಕ್ಕಿಂತ ಎಷ್ಟೋ ವಾಸಿ. ಥೆರಪಿಸ್ಟ್ ಪ್ರೀಮಿಯಂ ಖಾತೆ ಇಟ್ಟುಕೊಂಡರೆ ಸಾಕು, ಉಸ್ತುವಾರಿಯವರಿಗೆ ಉಚಿತ ಖಾತೆ ಆಗುತ್ತದೆ. ಕೊಡುವ ಅಧಿಕಾರದಲ್ಲಿ ಎರಡು ಬಗೆ: ‘ವ್ಯೂ’ ಎಂದರೆ ಓದಲು ಮಾತ್ರ, ‘ಟೇಕ್‌ಓವರ್’ ಎಂದರೆ ಹೊಸ ಮಾಸ್ಟರ್ ಪಾಸ್‌ವರ್ಡ್ ಹಾಕಿ ಖಾತೆಯನ್ನೇ ವಶಕ್ಕೆ ತೆಗೆದುಕೊಳ್ಳುವುದು. ಕಾಯುವ ಅವಧಿಯನ್ನು 1 ದಿನದಿಂದ 90 ದಿನದವರೆಗೆ ಇಡಬಹುದು. ಅವರು ಪ್ರವೇಶ ಕೇಳಿದಾಗ ಥೆರಪಿಸ್ಟ್‌ಗೆ ಮೇಲ್ ಹೋಗುತ್ತದೆ. ಅವಧಿಯೊಳಗೆ ಬೇಡ ಎನ್ನದಿದ್ದರೆ ಬಾಗಿಲು ತೆರೆಯುತ್ತದೆ. ಪ್ರಜ್ಞೆ ತಪ್ಪಿದವರಿಗೂ ಇದು ಸಲ್ಲುತ್ತದೆ, ಯಾವ ಪ್ರಮಾಣಪತ್ರವೂ ಬೇಡ. ‘ವ್ಯೂ’, 1 ದಿನ ಎಂದು ಇಡುವುದೇ ಸರಿ. ಹುಷಾರಾಗಿ ಮರಳಿ ಬರುವವರ ಖಾತೆಯನ್ನು ಬೇರೆಯವರು ವಶಕ್ಕೆ ತೆಗೆದುಕೊಳ್ಳುವ ಅಗತ್ಯವಿಲ್ಲ.

ಕೆಡುವುದು ಎಲ್ಲಿ ಎಂದರೆ, ಆಹ್ವಾನ ಕಳಿಸುವುದು, ಅವರು ಒಪ್ಪುವುದು, ಆಮೇಲೆ ಥೆರಪಿಸ್ಟ್ ಮತ್ತೆ ಒಳಗೆ ಹೋಗಿ ಖಚಿತಪಡಿಸುವುದು, ಹೀಗೆ ಇದರಲ್ಲಿ ಮೂರು ಹೆಜ್ಜೆ. ಎರಡನೆಯದಾದ ಮೇಲೆ ಎಲ್ಲ ಮುಗಿಯಿತು ಎಂದುಕೊಂಡು ಬಿಟ್ಟವರ ಏರ್ಪಾಟು ಬೇಕಾದ ದಿನ ಕೈಕೊಡುತ್ತದೆ. ಉಸ್ತುವಾರಿಯವರು ಒಪ್ಪಿದ ಮೇಲೆ ಪಟ್ಟಿ ತೆರೆದು, ಹೆಸರಿನ ಮುಂದೆ ಖಚಿತವಾದ ಗುರುತು ಬಂದಿದೆಯೇ ಎಂದು ಕಣ್ಣಾರೆ ನೋಡಿ.

ಎರಡನೆಯ ತೂತು ಓಟಿಪಿ. ಪಾಸ್‌ವರ್ಡ್ ಸಿಕ್ಕಿತು, ಕಡತದ ಸಾಫ್ಟ್‌ವೇರ್‌ಗೆ ಹಾಕಿದ್ದೂ ಆಯಿತು. ಅದು ಓಟಿಪಿಯನ್ನು ಲಾಕ್ ಆದ ಫೋನಿಗೇ ಕಳಿಸುತ್ತದೆ. ಸಿಮ್ ತೆಗೆದು ಬೇರೆ ಫೋನಿಗೆ ಹಾಕಿದರೆ ಅದು ಪಿನ್ ಕೇಳಬಹುದು. ಇಸಿಮ್ ಆದರೆ ತೆಗೆಯಲು ಏನೂ ಇಲ್ಲ. ಹಾಗಾಗಿ ಓಟಿಪಿ ಬದಲು ಹಾಕಬಹುದಾದ ಬ್ಯಾಕಪ್ ಕೋಡ್‌ಗಳನ್ನು ಮೊದಲೇ ಇಳಿಸಿಕೊಂಡು ಆಯಾ ಪಾಸ್‌ವರ್ಡ್‌ನ ಟಿಪ್ಪಣಿಯಲ್ಲೇ ಇಡಬೇಕು. ಗೂಗಲ್ 8 ಅಂಕಿಗಳ 10 ಕೋಡ್ ಕೊಡುತ್ತದೆ, ಪ್ರತಿಯೊಂದೂ ಒಂದೇ ಸಲಕ್ಕೆ. ಹೊಸ ಪಟ್ಟಿ ಪಡೆದ ಕ್ಷಣ ಹಳೆಯ ಪಟ್ಟಿ ರದ್ದು.

ಇಷ್ಟಾದರೂ 1 ದಿನ ಕಾಯಲೇಬೇಕಲ್ಲ, ಒಂಬತ್ತರ ಕ್ಲೈಂಟ್ ಅಷ್ಟರೊಳಗೆ ಬಂದು ಬಾಗಿಲು ತಟ್ಟಿರುತ್ತಾರೆ. ಇನ್ನೊಂದು ಪಾಸ್‌ವರ್ಡ್ ಮ್ಯಾನೇಜರ್ ಆದ ಒನ್‌ಪಾಸ್‌ವರ್ಡ್‌ನ ‘ಎಮರ್ಜೆನ್ಸಿ ಕಿಟ್’ನಲ್ಲಿ ಈ ಕಾಯುವಿಕೆ ಇಲ್ಲ. ಅದು ಒಂದು ಪಿಡಿಎಫ್ ಹಾಳೆ: ಸೈನ್ ಇನ್ ವಿಳಾಸ, ಇಮೇಲ್, ಸೀಕ್ರೆಟ್ ಕೀ ಅಚ್ಚಾಗಿರುತ್ತವೆ, ಪಾಸ್‌ವರ್ಡನ್ನು ಕೈಯಲ್ಲಿ ಬರೆಯಲು ಜಾಗ ಬಿಟ್ಟಿರುತ್ತಾರೆ. ಹಾಳೆ ಸಿಕ್ಕವರು ತಕ್ಷಣ ಒಳಗೆ ಹೋಗಬಹುದು. ಅದೇ ಅದರ ಗುಣ, ಅದೇ ದೋಷ. ಎಲ್ಲವೂ ಹಾಳೆ ಇಡುವ ಜಾಗದ ಮೇಲೆ ನಿಂತಿದೆ. ಪಾಸ್‌ವರ್ಡ್ ಬದಲಿಸಿ ಹಾಳೆ ತಿದ್ದುವುದನ್ನು ಮರೆತರೆ ಅದು ಬರೀ ಕಾಗದ.

ಮೊದಲ ದಿನದ ಮಟ್ಟಿಗೆ ಗೆಲ್ಲುವುದು, ನಂಬಿ, ಯಾವ ಆ್ಯಪ್‌ನ ಹಂಗೂ ಇಲ್ಲದ ಪುಟ್ಟ ಪಟ್ಟಿ. ಹೆಸರಿನ ಮೊದಲಕ್ಷರ, ಫೋನ್ ನಂಬರ್, ವಾರ, ಸಮಯ. ರೋಗದ ಹೆಸರಿಲ್ಲ, ಸೆಷನ್ ಟಿಪ್ಪಣಿ ಇಲ್ಲ. ಅಪಾಯದ ಅಂಚಿನಲ್ಲಿರುವವರ ಮುಂದೆ ಒಂದು ಚುಕ್ಕಿ. ಬೀಗವಿರುವ ಡ್ರಾಯರ್‌ನಲ್ಲಿ ಲಕೋಟೆ, ಕೀಲಿ ಎಲ್ಲಿದೆ ಎಂಬುದು ಉಸ್ತುವಾರಿಯವರಿಗೆ ಗೊತ್ತು. ತಿಂಗಳ ಮೊದಲ ದಿನ ಹೊಸದು ಒಳಗೆ, ಹಳೆಯದು ಚೂರು ಚೂರು.

ಇನ್ನು ವಿಲ್ ನಮೂನೆಗಳು. ಅಮೆರಿಕನ್ ಕೌನ್ಸೆಲಿಂಗ್ ಅಸೋಸಿಯೇಷನ್‌ನ 2014ರ ನೀತಿ ಸಂಹಿತೆ ಕ್ಲೈಂಟ್‌ಗಳನ್ನೂ ಕಡತಗಳನ್ನೂ ಯಾರಿಗೆ ದಾಟಿಸಬೇಕೆಂಬ ಯೋಜನೆಯನ್ನು ಮೊದಲೇ ಮಾಡಿಡಿ ಎನ್ನುತ್ತದೆ. ಅಮೆರಿಕನ್ ಸೈಕಲಾಜಿಕಲ್ ಅಸೋಸಿಯೇಷನ್‌ನ ಸಂಹಿತೆಯಲ್ಲೂ ಇದೇ ಆಶಯವಿದೆ. ಕಾನೂನು ಒಂದೊಂದು ಕಡೆ ಒಂದೊಂದು ರೀತಿ, ಆದ್ದರಿಂದ ನಮೂನೆಯನ್ನು ಹಾಗೇ ಸಹಿ ಮಾಡದೆ ವಕೀಲರಿಗೆ ಒಮ್ಮೆ ತೋರಿಸುವುದು ಮೇಲು.

ನಮೂನೆಗಳಲ್ಲಿ ಚೆನ್ನಾಗಿರುವ ಭಾಗ ಪ್ರಶ್ನೆಪಟ್ಟಿ. ಕಚೇರಿಯ ಕೀಲಿ, ಅಲಾರಂ ಕೋಡ್, ವಿಮೆಯವರ ನಂಬರ್, ಕಡತಗಳ ಜಾಗ, ಬಾಕಿ ಬಿಲ್ಲು ಎಲ್ಲವನ್ನೂ ಒಂದೊಂದಾಗಿ ಕೇಳಿ ಬರೆಸಿಕೊಳ್ಳುತ್ತವೆ. ಕೆಟ್ಟ ಭಾಗ, ಪಾಸ್‌ವರ್ಡಿಗೂ ಅದರಲ್ಲೇ ಖಾನೆ ಬಿಟ್ಟಿರುವುದು. ಈ ಕಾಗದ ವಕೀಲರು, ಮನೆಯವರು, ಉಸ್ತುವಾರಿಯವರು, ಹೀಗೆ ಹಲವು ಕೈ ದಾಟುತ್ತದೆ. ಪಾಸ್‌ವರ್ಡ್ ಮತ್ತು ಕ್ಲೈಂಟ್ ಪಟ್ಟಿ ಎಲ್ಲಿವೆ ಎಂದಷ್ಟೇ ಅದರಲ್ಲಿರಲಿ.

‘ಉಸ್ತುವಾರಿ: ______’ ಎಂಬ ಒಂದೇ ಗೆರೆ ಬಿಟ್ಟ ನಮೂನೆಯನ್ನು ಕೊಳ್ಳಬೇಡಿ. ಕನಿಷ್ಠ ಇಬ್ಬರು ಬೇಕು, ಅವರಿಬ್ಬರೂ ಒಟ್ಟಿಗೆ ಪ್ರವಾಸ ಹೋಗುವ ಗೆಳೆಯರಾಗಿರಬಾರದು. ಇಬ್ಬರೂ ಇದೇ ವೃತ್ತಿಯವರಿರಲಿ. ಸಂಗಾತಿಯ ಹೆಸರು ಬರೆಯುವುದು ಅತಿ ಸಾಮಾನ್ಯ ತಪ್ಪು: ದುಃಖದಲ್ಲಿರುವ ಮನುಷ್ಯ 20 ಅಪರಿಚಿತರಿಗೆ ಫೋನ್ ಮಾಡಿ ಅವರ ಅಳುವನ್ನೂ ಕೇಳಬೇಕಾಗುತ್ತದೆ, ಗೋಪ್ಯತೆಯೂ ಹೋಯಿತು. ಒಬ್ಬೊಬ್ಬರಿಗೆ 15 ನಿಮಿಷ ಹಿಡಿದರೂ 20 ಜನಕ್ಕೆ 5 ಗಂಟೆ. ಈ ಕೆಲಸಕ್ಕೆ ಸಂಭಾವನೆ ಎಷ್ಟು, ಎಲ್ಲಿಂದ ಬರುತ್ತದೆ ಎಂಬುದೂ ಬರಹದಲ್ಲಿರಬೇಕು. ಕ್ಲೈಂಟ್‌ಗಳಲ್ಲಿ ಯಾರಾದರೂ ಉಸ್ತುವಾರಿಯವರ ಪರಿಚಿತರಿದ್ದರೆ ಆ ಫೋನನ್ನು ಎರಡನೆಯವರು ಮಾಡುತ್ತಾರೆ. ಇದಕ್ಕೊಂದು ಖಾನೆ ಇರುವ ನಮೂನೆ ಸಿಕ್ಕರೆ ಅದನ್ನೇ ಆರಿಸಿ.

ಫೋನಿನಲ್ಲಿ ಏನು ಹೇಳಬೇಕು ಎಂಬ ಮಾತುಗಳೂ ನಮೂನೆಯಲ್ಲಿರಬೇಕು. ಫೋನ್ ಎತ್ತಿದವರು ಕ್ಲೈಂಟ್ ಅಲ್ಲದಿದ್ದರೆ ಥೆರಪಿಯ ಸುಳಿವೂ ಕೊಡಬಾರದು: ‘ನಮಸ್ಕಾರ, ಅವರು ಸಿಗುತ್ತಾರೆಯೇ? ಇಲ್ಲವೇ? ಸರಿ, ಮತ್ತೆ ಮಾಡುತ್ತೇನೆ.’ ಅಷ್ಟೇ. ಕ್ಲೈಂಟೇ ಎತ್ತಿದರೆ: ‘ನಾನು ನಿಮ್ಮ ಥೆರಪಿಸ್ಟ್‌ನ ಸಹೋದ್ಯೋಗಿ. ಅವರಿಗೆ ತೀವ್ರ ಅನಾರೋಗ್ಯ, ಈ ವಾರದ ಸೆಷನ್ ಇರುವುದಿಲ್ಲ. ಈಗ ನಿಮ್ಮ ಜೊತೆ ಯಾರಾದರೂ ಇದ್ದಾರೆಯೇ? ಬೇರೆ ಥೆರಪಿಸ್ಟ್‌ಗಳ ಹೆಸರು ಬೇಕಿದ್ದರೆ ಕೊಡುತ್ತೇನೆ.’ ಕಾಯಿಲೆ ಏನು ಎಂದು ಹೇಳಬೇಕೋ ಬೇಡವೋ ಎಂಬುದನ್ನು ಥೆರಪಿಸ್ಟ್ ತಾನೇ ಮೊದಲೇ ಬರೆದಿಟ್ಟಿರಬೇಕು. ಮೊದಲು ಇಂದು ನಾಳೆಯವರು ಮತ್ತು ಚುಕ್ಕಿ ಬಿದ್ದವರು, ಆಮೇಲೆ ವಾರದ ಉಳಿದವರು. ಗ್ರೂಪ್ ಥೆರಪಿಯವರಿಗೂ ಒಬ್ಬೊಬ್ಬರಿಗೇ ಫೋನ್. ಎಲ್ಲರನ್ನೂ ಸೇರಿಸಿ ಒಂದೇ ಮೇಲ್ ಕಳಿಸಿದರೆ ಪರಸ್ಪರರ ವಿಳಾಸ ಬಯಲಾಗುತ್ತದೆ.

ಇಷ್ಟೆಲ್ಲ ಇದ್ದರೂ ಕ್ಲೈಂಟ್ ಮೊದಲ ದಿನ ಸಹಿ ಮಾಡುವ ಒಪ್ಪಿಗೆ ಪತ್ರದಲ್ಲಿ ಇದರ ಸೊಲ್ಲಿಲ್ಲದಿದ್ದರೆ ಕೆಲಸ ಕೆಟ್ಟಂತೆ. ‘ನನಗೆ ತುರ್ತು ಬಂದರೆ ಗೋಪ್ಯತೆಗೆ ಬದ್ಧರಾದ ಸಹೋದ್ಯೋಗಿಯೊಬ್ಬರು ನಿಮ್ಮನ್ನು ಸಂಪರ್ಕಿಸಬಹುದು, ಯಾವ ನಂಬರಿಗೆ ಮಾಡಬೇಕು?’ ಎಂಬ ಎರಡು ಸಾಲು ಸಾಕು.

ಹಣ ಪಡೆದು ಉಸ್ತುವಾರಿ ವಹಿಸುವ ಸೇವೆಗಳು, ಹತ್ತಿರದ ಸಹೋದ್ಯೋಗಿಗಳಿಲ್ಲದವರಿಗೆ ನಿಜಕ್ಕೂ ಉಪಯುಕ್ತ. ಸೇರುವ ಮೊದಲು ಕೇಳಬೇಕಾದ್ದು: ಫೋನ್ ಮಾಡುವವರು ತರಬೇತಾದ ಮಾನಸಿಕ ಆರೋಗ್ಯ ವೃತ್ತಿಪರರೋ, ಕಾಲ್ ಸೆಂಟರಿನವರೋ? ರಜಾದಿನ ಸುದ್ದಿ ಮುಟ್ಟಿಸಿದರೆ ಎಷ್ಟು ಗಂಟೆಯಲ್ಲಿ ಕೆಲಸ ಶುರು? ಕಾಯಿಲೆಗೂ ಅನ್ವಯವೋ, ಸಾವಿಗೆ ಮಾತ್ರವೋ? ಆ ಸಂಸ್ಥೆಯೇ ಮುಚ್ಚಿದರೆ ನಮ್ಮ ಕ್ಲೈಂಟ್ ಪಟ್ಟಿ ಎಲ್ಲಿಗೆ? ಕೊನೆಯ ಪ್ರಶ್ನೆಗೆ ತಡವರಿಸುವವರ ಬಳಿ ಬೇಡ. ಸುದ್ದಿ ಅವರಿಗೆ ಮುಟ್ಟಿಸುವವರು ಯಾರು ಎಂಬುದು ಮಾತ್ರ ನಮ್ಮ ಜವಾಬ್ದಾರಿಯೇ. ಪರ್ಸಿನಲ್ಲಿ ಒಂದು ಚೀಟಿ, ಫ್ರಿಜ್ ಮೇಲೆ ಇನ್ನೊಂದು.

ಯಾವುದನ್ನು ಆರಿಸಿದರೂ ಚಂದಾದ ದಿನಾಂಕಗಳನ್ನು ಗಮನಿಸಿ. ಬ್ಯಾಂಕ್ ಖಾತೆ ತಡೆಹಿಡಿಯಲ್ಪಟ್ಟರೆ ಸಾಫ್ಟ್‌ವೇರ್‌ನ ತಿಂಗಳ ಚಂದಾ ನಿಲ್ಲುತ್ತದೆ, ಆಮೇಲೆ ಕಡತಗಳ ಬಾಗಿಲೂ ಮುಚ್ಚುತ್ತದೆ. ವರ್ಷಗಟ್ಟಲೆ ಕಾಪಾಡಬೇಕಾದ ದಾಖಲೆ ಒಂದು ಕಾರ್ಡ್ ಫೇಲಾದ್ದಕ್ಕೆ ಕೈತಪ್ಪುತ್ತದೆ. ಫೋನ್ ನಂಬರನ್ನೂ ಬೇಗ ರದ್ದು ಮಾಡಿಸಬಾರದು: ಓಟಿಪಿ ಬರುವುದೂ ಕ್ಲೈಂಟ್ ಕರೆ ಮಾಡುವುದೂ ಅದಕ್ಕೇ, ಮುಂದೆ ಅದು ಬೇರೆಯವರ ಪಾಲಾಗಬಹುದು. ಯಾವ ಚಂದಾ, ಯಾವ ಕಾರ್ಡ್, ಯಾವ ತಾರೀಖು ಎಂಬ ಪಟ್ಟಿಯನ್ನೂ, ನೆನಪೋಲೆ (ಸೆಷನ್ ನೆನಪಿಸುವ ಮೆಸೇಜ್) ಮತ್ತು ಆಟೋ ಪೇಮೆಂಟ್ ನಿಲ್ಲಿಸುವ ಗುಂಡಿ ಸಾಫ್ಟ್‌ವೇರ್‌ನ ಯಾವ ಮೆನುವಿನಲ್ಲಿದೆ ಎಂಬುದನ್ನೂ ಲಕೋಟೆಗೆ ಸೇರಿಸಿ.

ಕೊನೆಗೆ ತಾಲೀಮು. ಒಂದು ಬಿಡುವಿನ ಸಂಜೆ ಉಸ್ತುವಾರಿಯವರನ್ನು ಕಚೇರಿಗೆ ಕರೆಸಿ, ಥೆರಪಿಸ್ಟ್ ಪಕ್ಕದ ಕೋಣೆಯಲ್ಲಿ ಬಾಯಿ ಮುಚ್ಚಿ ಕೂರಲಿ. ಡ್ರಾಯರ್, ಲಕೋಟೆ, ನಾಳೆಯ ಮೂರನೇ ನಂಬರ್. 30 ನಿಮಿಷ ದಾಟಿದರೆ ಎಲ್ಲಿ ತಡೆಯಿತು ಎಂದು ಬರೆದಿಟ್ಟುಕೊಂಡು ತಿದ್ದಿ, ಮುಂದಿನ ತಿಂಗಳು ಎರಡನೆಯವರನ್ನು ಕರೆಸಿ.