ತಲೆಗೂದಲ ಬಣ್ಣ ಕೆಟ್ಟಾಗ: ರಿಮೂವರ್, ಬ್ಲೀಚ್ ಬಾತ್, ಟೋನರ್ ಪಕ್ಕಪಕ್ಕದಲ್ಲಿಟ್ಟು ನೋಡಿದ್ದು

ಸಲೂನ್‌ನಲ್ಲಿ ಹಾಕಿಸಿದ ಬಣ್ಣ ಕೆಡುವುದು ಎರಡು ರೀತಿಯಲ್ಲಿ. ಒಂದು, ಗಾಢತೆ ತಪ್ಪುತ್ತದೆ: ಬೇಕಾದ್ದಕ್ಕಿಂತ ಕಪ್ಪಾಗಿರುತ್ತದೆ, ಇಲ್ಲವೇ ತೀರಾ ತಿಳಿಯಾಗಿರುತ್ತದೆ. ಇನ್ನೊಂದು, ಛಾಯೆ ತಪ್ಪುತ್ತದೆ: ಕೇಸರಿ ಹೊಡೆಯುತ್ತದೆ, ಹಸಿರಿಗೆ ತಿರುಗುತ್ತದೆ, ಬೂದಿ ಬಳಿದಂತೆ ಮಂಕಾಗುತ್ತದೆ. ರಿಮೂವರ್ ಹಾಕಿದ ಬಣ್ಣವನ್ನು ತೆಗೆಯುತ್ತದೆ, ಛಾಯೆಯನ್ನು ತಿದ್ದುವುದಿಲ್ಲ. ಟೋನರ್ ಛಾಯೆಯನ್ನು ತಿದ್ದುತ್ತದೆ, ಗಾಢತೆಯನ್ನು ಇಳಿಸುವುದಿಲ್ಲ. ಬ್ಲೀಚ್ ಗಾಢತೆಯನ್ನೇನೋ ಇಳಿಸುತ್ತದೆ, ಆದರೆ ಕೇಸರಿಯನ್ನು ಕೈಗೆ ಕೊಟ್ಟು ಹೋಗುತ್ತದೆ. ಎರಡನೇ ಸಲವೂ ಕೆಟ್ಟ ತಲೆಗಳಲ್ಲಿ ಹೆಚ್ಚಿನವು ಕೆಟ್ಟಿರುವುದು ಒಂದರ ಕೆಲಸಕ್ಕೆ ಇನ್ನೊಂದನ್ನು ಹಚ್ಚಿದ್ದರಿಂದ.

ಹೋಲಿಕೆಗೆ ಒಂದೇ ಬಣ್ಣ ಹಾಕಿದ ಕೂದಲಿನ ಎಳೆಗಳನ್ನು ಪೆನ್ಸಿಲ್ ದಪ್ಪಕ್ಕೆ ಕಟ್ಟಿಕೊಂಡೆವು. ಒಂದನ್ನು ಮುಟ್ಟದೆ ಪಕ್ಕಕ್ಕಿಟ್ಟು, ಉಳಿದವುಗಳ ಮೇಲೆ ಒಂದೊಂದು ವಿಧಾನ ನಡೆಸಿ, ಒಣಗಿಸಿ, ಕಿಟಕಿಯ ಬೆಳಕಿನಲ್ಲಿ ನೋಡಿದೆವು. ಒದ್ದೆ ಕೂದಲು ಯಾವಾಗಲೂ ಗಾಢವಾಗಿಯೇ ಕಾಣುತ್ತದೆ, ಟ್ಯೂಬ್‌ಲೈಟ್ ಛಾಯೆಯನ್ನು ತಪ್ಪಾಗಿ ತೋರಿಸುತ್ತದೆ. ಮನೆಯಲ್ಲಿ ನೋಡುವವರೂ ಒಣಗಿಸಿಯೇ ನೋಡಬೇಕು.

ಮುಂದಿನದು ಅರ್ಥವಾಗಲು ಒಂದು ಅಳತೆಗೋಲು ಬೇಕು. ಬಣ್ಣದವರು ಗಾಢತೆಯನ್ನು 1ರಿಂದ 10ರವರೆಗೆ ಎಣಿಸುತ್ತಾರೆ: 1 ಕಪ್ಪು, 4 ಮಧ್ಯಮ ಕಂದು, 6 ಗಾಢ ಹೊಂಬಣ್ಣ (ಕಣ್ಣಿಗೆ ತಿಳಿ ಕಂದು), 10 ಅತಿ ತಿಳಿ ಹೊಂಬಣ್ಣ. ಕೂದಲನ್ನು ತಿಳಿಗೊಳಿಸುತ್ತಾ ಹೋದರೆ ಒಳಗಿನ ಬೆಚ್ಚನೆಯ ವರ್ಣ ಬಯಲಾಗುತ್ತದೆ. 4ರ ಹತ್ತಿರ ಕೆಂಪು, 6ರಲ್ಲಿ ಕೇಸರಿ, 7ರಲ್ಲಿ ಕೇಸರಿ ಹಳದಿ, 9ರಲ್ಲಿ ಹಳದಿ. ಕೆಂಪನ್ನು ಹಸಿರು ಅಳಿಸುತ್ತದೆ, ಕೇಸರಿಯನ್ನು ನೀಲಿ, ಹಳದಿಯನ್ನು ನೇರಳೆ.

ತೀರಾ ಕಪ್ಪಾದಾಗ

ಮೊದಲು ಮಾಡಬಾರದ್ದು: 4ನೇ ಮಟ್ಟದ ಬಣ್ಣ ಕೂತಿರುವ ಕೂದಲಿನ ಮೇಲೆ 6ನೇ ಮಟ್ಟದ ಡಬ್ಬಿ ಸುರಿಯುವುದು. ಹಾಕಿದ ಬಣ್ಣವನ್ನು ಇನ್ನೊಂದು ಬಣ್ಣ ತಿಳಿಗೊಳಿಸಲಾರದು. ಹೊಸದಾಗಿ ಬೆಳೆದ ಬುಡ ಮಾತ್ರ ಮಟ್ಟದಲ್ಲಿ ಮೇಲೇರಿ, ಅಂದರೆ ತಿಳಿಯಾಗಿ, ಕೆಂಚಾಗುತ್ತದೆ, ಉದ್ದ ಇದ್ದಂತೆಯೇ ಉಳಿಯುತ್ತದೆ.

ವಿಟಮಿನ್ ಸಿ ಮತ್ತು ಶಾಂಪೂ. 500 ಮಿಲಿಗ್ರಾಂನ ಹತ್ತು ಹದಿನೈದು ಮಾತ್ರೆಗಳನ್ನು ನುಣ್ಣಗೆ ಪುಡಿ ಮಾಡಿ, ಬಣ್ಣ ಕಾಯುವ ಗುಣವಿಲ್ಲದ, ಆಳವಾಗಿ ತೊಳೆಯುವ ಕ್ಲಾರಿಫೈಯಿಂಗ್ ಶಾಂಪೂ ಅಥವಾ ತಲೆಹೊಟ್ಟಿನ ಶಾಂಪೂವಿನಲ್ಲಿ ಕಲಸಿ, ಒದ್ದೆ ಕೂದಲಿಗೆ ಹಚ್ಚಿ, ಟೋಪಿ ಮುಚ್ಚಿ, ಅರ್ಧದಿಂದ ಒಂದು ಗಂಟೆ ಬಿಡುವುದು. ಖರ್ಚು ಕಡಿಮೆ, ಹಾನಿಯೂ ಕಡಿಮೆ. ಬಣ್ಣ ಹಾಕಿಸಿದ ಮೊದಲ ಎರಡು ಮೂರು ದಿನಗಳಲ್ಲಿ ಅರ್ಧ ಮಟ್ಟದಷ್ಟು ತಿಳಿಯಾಗುವುದು ಕಣ್ಣಿಗೆ ಕಾಣುತ್ತದೆ. ತಾತ್ಕಾಲಿಕ ಬಣ್ಣವಾದರೆ ಇನ್ನೂ ಸ್ವಲ್ಪ ಹೆಚ್ಚು. ಹಳೆಯದಾಗಿ ಕೂತ ಶಾಶ್ವತ ಬಣ್ಣದ ಮೇಲೆ ಶೂನ್ಯ ಎಂದೇ ಹೇಳಬೇಕು. ಆಮ್ಲೀಯ ಮಿಶ್ರಣವಾದ್ದರಿಂದ ನೆತ್ತಿಯಲ್ಲಿ ಗೀರು, ಉರಿ ಇದ್ದರೆ ಚುರುಗುಟ್ಟುತ್ತದೆ. ಅಡಿಗೆ ಸೋಡಾ ಉಜ್ಜುವವರೂ ಇದ್ದಾರೆ. ಅದರ ಕ್ಷಾರಕ್ಕೆ ಕೂದಲ ಹೊರಪದರ ತೆರೆದುಕೊಂಡು ಒರಟಾಗುತ್ತದೆ, ಅಷ್ಟಕ್ಕೆ ಸಿಗುವ ಫಲ ಏನೂ ಸಾಲದು. ಪಾತ್ರೆ ತೊಳೆಯುವ ದ್ರವದ ಕಥೆಯೂ ಇದೇ.

ಕಲರ್ ರಿಮೂವರ್. ನಮ್ಮ ಎಳೆಗಳಲ್ಲಿ ಗೆದ್ದದ್ದು ಇದು. ಶಾಶ್ವತ ಬಣ್ಣ ಕೂದಲೊಳಗೆ ಕೂರುವುದು ಹೀಗೆ: ಪುಟ್ಟ ಅಣುಗಳು ಒಳಗೆ ನುಸುಳುತ್ತವೆ, ಬಣ್ಣಕ್ಕೆ ಬೆರೆಸುವ ಡೆವಲಪರ್ ದ್ರವದ ಪೆರಾಕ್ಸೈಡ್ ಅವನ್ನು ಒಂದಕ್ಕೊಂದು ಬೆಸೆದು ದೊಡ್ಡದು ಮಾಡುತ್ತದೆ, ಆಮೇಲೆ ಅವು ಹೊರಬರಲಾರವು. ರಿಮೂವರ್‌ನಲ್ಲಿರುವ ಗಂಧಕಯುಕ್ತ ರಾಸಾಯನಿಕ ಆ ಬೆಸುಗೆಯನ್ನು ಬಿಡಿಸುತ್ತದೆ. ಕೂದಲಿನ ಸ್ವಂತ ವರ್ಣವನ್ನು ಅದು ಮುಟ್ಟುವುದಿಲ್ಲ. ಹಾಗಾಗಿ ಬ್ಲೀಚ್‌ಗಿಂತ ಎಷ್ಟೋ ಸೌಮ್ಯ. ಕೊಳೆತ ಮೊಟ್ಟೆಯ ವಾಸನೆಯೊಂದನ್ನು ಸಹಿಸಬೇಕು, ಅದು ಒಂದೆರಡು ದಿನ ಒದ್ದೆ ಕೂದಲಿನಿಂದ ಮತ್ತೆ ಮತ್ತೆ ಏಳುತ್ತದೆ.

ಕ್ರಮ ಮುಖ್ಯ. ಹಿಂದಿನ ದಿನ ಕ್ಲಾರಿಫೈಯಿಂಗ್ ಶಾಂಪೂವಿನಿಂದ ತೊಳೆದು, ಕಂಡಿಷನರ್, ಎಣ್ಣೆ, ಸೀರಮ್ ಏನೂ ಹಚ್ಚದೆ ಒಣಗಿಸಿ. ಎರಡು ಬಾಟಲಿಗಳ ದ್ರವವನ್ನು ಬೆರೆಸಿದ ತಕ್ಷಣ ಹಚ್ಚಲು ಶುರುಮಾಡಿ, ಇಟ್ಟರೆ ಶಕ್ತಿ ಇಳಿಯುತ್ತದೆ. ಬಣ್ಣ ಪದರಪದರವಾಗಿ ಕೂತಿರುವ ತುದಿಗಳಿಗೆ ಮೊದಲು, ಬುಡಕ್ಕೆ ಕೊನೆಗೆ. ಪ್ಲಾಸ್ಟಿಕ್ ಟೋಪಿ ಹಾಕಿ ಬೆಚ್ಚಗಿಡಿ. ಸಮಯ ಕಂಪನಿಯಿಂದ ಕಂಪನಿಗೆ ಬೇರೆ, 20 ನಿಮಿಷದಿಂದ 60 ನಿಮಿಷದವರೆಗೆ. ಡಬ್ಬಿಯಲ್ಲಿ ಬರೆದದ್ದನ್ನು ಮೀರಬೇಡಿ.

ಜನ ಸೋಲುವುದು ತೊಳೆಯುವ ಹಂತದಲ್ಲಿ. ಬೆಸುಗೆ ಬಿಟ್ಟ ಅಣುಗಳು ಇನ್ನೂ ಕೂದಲೊಳಗೇ ಇರುತ್ತವೆ, ಅವನ್ನು ನೀರು ಹೊರಗೆ ತರಬೇಕು. ಉಗುರುಬೆಚ್ಚಗಿನ ಹರಿಯುವ ನೀರಿನಲ್ಲಿ ಹದಿನೈದು ಇಪ್ಪತ್ತು ನಿಮಿಷ, ಭಾಗಭಾಗ ಮಾಡಿ, ಹಿಂಡುತ್ತಾ ತೊಳೆಯಬೇಕು. ಐದೇ ನಿಮಿಷಕ್ಕೆ ನಿಲ್ಲಿಸಿದ ಎಳೆ ಮೊದಲು ಚೆನ್ನಾಗಿ ತಿಳಿಯಾಗಿ ಕಂಡು, ಎರಡು ದಿನದಲ್ಲಿ ಮತ್ತೆ ಕಪ್ಪಾಯಿತು. ಗಾಳಿಯ ಆಮ್ಲಜನಕ ಉಳಿದ ಅಣುಗಳನ್ನು ಪುನಃ ಬೆಸೆದಿತ್ತು, ಅಷ್ಟೆ. ಇದೇ ಕಾರಣಕ್ಕೆ ರಿಮೂವರ್ ಆದ ಒಂದೆರಡು ವಾರ ಪೆರಾಕ್ಸೈಡ್ ಇರುವ ಯಾವ ಬಣ್ಣವನ್ನೂ ಹಾಕಬಾರದು. ಕಾಯಲಾಗದಿದ್ದರೆ ಬೇಕಾದ ಬಣ್ಣಕ್ಕಿಂತ ಒಂದೆರಡು ಮಟ್ಟ ತಿಳಿಯಾದದ್ದನ್ನು ಆರಿಸಿ, ಅದು ಹೇಗೂ ಗಾಢವಾಗಿಯೇ ಬರುತ್ತದೆ.

ರಿಮೂವರ್ ಮೂಲ ಬಣ್ಣವನ್ನು ವಾಪಸ್ ತರುತ್ತದೆ ಎಂಬ ಜಾಹೀರಾತನ್ನು ಪೂರ್ತಿ ನಂಬಬೇಡಿ. ಸಲೂನ್‌ನವರು 20 ವಾಲ್ಯೂಮ್ (ಅಂದರೆ ಶೇ. 6 ಪೆರಾಕ್ಸೈಡ್) ಡೆವಲಪರ್ ಬಳಸಿದ್ದರೆ ಅದು ಆಗಲೇ ಕೂದಲಿನ ಸ್ವಂತ ಕಪ್ಪನ್ನು ಒಂದೆರಡು ಮಟ್ಟ ತೆಗೆದಿರುತ್ತದೆ. ಮೇಲಿನ ಬಣ್ಣ ಹೋದಾಗ ಅಡಿಯಲ್ಲಿದ್ದ ಕೆಂಗಂದು ಕಾಣುತ್ತದೆ. ಮದರಂಗಿ, ಲೋಹದ ಲವಣ ಇರುವ ಬಣ್ಣಗಳಿಗೆ ರಿಮೂವರ್ ನಾಟುವುದೇ ಇಲ್ಲ. ಡೆವಲಪರ್ ಬೆರೆಸದೆ ಹಾಗೇ ಹಚ್ಚುವ ನೀಲಿ, ಗುಲಾಬಿಯಂಥ ನೇರ ಬಣ್ಣಗಳಿಗೂ ಇದರ ಮೇಲೆ ಭರವಸೆ ಇಡುವಂತಿಲ್ಲ.

ಬ್ಲೀಚ್ ಬಾತ್. 30 ಗ್ರಾಂ ಬ್ಲೀಚ್ ಪುಡಿ, 60 ಮಿಲಿ 20 ವಾಲ್ಯೂಮ್ ಡೆವಲಪರ್, 30 ಮಿಲಿ ಶಾಂಪೂ. ಸೂಕ್ಷ್ಮ ಕೂದಲಿಗೆ 10 ವಾಲ್ಯೂಮ್ ಸಾಕು. ಒದ್ದೆ ಕೂದಲಿಗೆ, ಬುಡದಿಂದ ಎರಡು ಬೆರಳು ಬಿಟ್ಟು ಹಚ್ಚಿ, ಐದೈದು ನಿಮಿಷಕ್ಕೆ ಒಂದು ಎಳೆ ಒರೆಸಿ ನೋಡುತ್ತಾ, 15 ನಿಮಿಷದ ಆಚೀಚೆ ನಿಲ್ಲಿಸುವುದು. ವೇಗದಲ್ಲಿ ಇದಕ್ಕೆ ಸಮ ಇಲ್ಲ. ಆದರೆ ಬ್ಲೀಚ್‌ಗೆ ಹಾಕಿದ ಬಣ್ಣ, ಸ್ವಂತ ವರ್ಣ ಎಂಬ ಭೇದವಿಲ್ಲ, ಎರಡನ್ನೂ ತಿನ್ನುತ್ತದೆ. ಬಣ್ಣ ಒಂದೇ ಪದರ ಇರುವಲ್ಲಿ ಬೇಗ ಏರಿ, ಮೂರು ನಾಲ್ಕು ಪದರ ಇರುವಲ್ಲಿ ತಡೆದು ನಿಲ್ಲುತ್ತದೆ, ಪಟ್ಟೆಪಟ್ಟೆಯಾಗುತ್ತದೆ. ಒಣಗಿದ ಮೇಲೆ ರಿಮೂವರ್ ಎಳೆ ಮೃದುವಾಗಿತ್ತು, ಬ್ಲೀಚ್ ಎಳೆ ಬೆರಳಿಗೆ ಗರಗರ ಸಿಗುತ್ತಿತ್ತು.

ಮಿಶ್ರಣವನ್ನು ಮುಚ್ಚಳ ಬಿಗಿದ ಬಾಟಲಿಯಲ್ಲಿ ಕುಲುಕಬೇಡಿ, ಒಳಗೆ ಅನಿಲ ತುಂಬಿ ಸಿಡಿಯುತ್ತದೆ. ಲೋಹದ ಬಟ್ಟಲೂ ಬೇಡ. ಪುಡಿಯಲ್ಲಿರುವ ಪರ್ಸಲ್ಫೇಟ್ ಆಸ್ತಮಾ ಕೆರಳಿಸಬಲ್ಲದು, ಕಿಟಕಿ ತೆರೆದಿರಲಿ. ಮದರಂಗಿಗೆ ನೀಲಿ ಎಲೆಯ (ಇಂಡಿಗೊ) ಪುಡಿ ಬೆರೆಸಿ ಹಚ್ಚಿದ ಕೂದಲಿಗೆ ಬ್ಲೀಚ್ ತಾಗಿದರೆ ಹಸಿರಾಗುವ ಅಪಾಯವಿದೆ. ಲೋಹದ ಲವಣವಿದ್ದರೆ ಪೆರಾಕ್ಸೈಡ್ ಜೊತೆ ಬಿಸಿಯೇರಿ ಕೂದಲೇ ತುಂಡಾಗಬಹುದು. ಅನುಮಾನವಿದ್ದರೆ ಉದುರಿದ ನಾಲ್ಕಾರು ಕೂದಲನ್ನು ಗಾಜಿನ ಬಟ್ಟಲಲ್ಲಿ ಇದೇ ಮಿಶ್ರಣದಲ್ಲಿ ಅರ್ಧ ಗಂಟೆ ಮುಳುಗಿಸಿ. ಬಿಸಿ, ನೊರೆ, ಕೆಟ್ಟ ವಾಸನೆ ಕಂಡರೆ ಅಲ್ಲಿಗೆ ಬಿಡಿ.

ನಮ್ಮ ಆಯ್ಕೆಯ ಕ್ರಮ: ಮೂರು ದಿನದೊಳಗಾದರೆ ವಿಟಮಿನ್ ಸಿ, ಸಾಲದಿದ್ದರೆ ರಿಮೂವರ್, ಅದನ್ನು ಎರಡು ಸಲ ಮಾಡಿಯೂ ಉಳಿದ ಕಪ್ಪು ತೇಪೆಗೆ ಮಾತ್ರ ಬ್ಲೀಚ್ ಬಾತ್. ಇಡೀ ತಲೆಗೆ ಮನೆಯಲ್ಲಿ ಬ್ಲೀಚ್ ಬೇಡವೇ ಬೇಡ.

ಕೇಸರಿ ಹೊಡೆದಾಗ

ನೀಲಿ ಶಾಂಪೂ, ನೇರಳೆ ಶಾಂಪೂ, ಟೋನರ್, ಕಂಡಿಷನರ್‌ಗೆ ಬೆರೆಸಿದ ನೇರ ಬಣ್ಣ, ಇವು ಪೈಪೋಟಿಯಲ್ಲಿರುವವು. ನೇರಳೆ ಶಾಂಪೂವನ್ನು ಮೊದಲೇ ಹೊರಗಿಡಬಹುದು. ಅದು ಹಳದಿಗೆ ಮಾಡಿದ್ದು, 6ನೇ ಮಟ್ಟದ ಕೇಸರಿಯ ಮೇಲೆ ಗಂಟೆಗಟ್ಟಲೆ ಇಟ್ಟರೂ ಅಲುಗುವುದಿಲ್ಲ. ಅಂಗಡಿಯಲ್ಲಿ ಎದ್ದು ಕಾಣುವುದು ಅದೇ ಬಾಟಲಿ ಅನ್ನುವುದು ಬೇರೆ ಮಾತು.

ನೀಲಿ ಶಾಂಪೂ ವಾರಕ್ಕೊಂದೆರಡು ಸಲ 3ರಿಂದ 5 ನಿಮಿಷ ಬಿಟ್ಟರೆ ತುಸು ಕೇಸರಿಯನ್ನು ಹತ್ತಿಕ್ಕುತ್ತದೆ. ಸರಿಯಾದ ಬಣ್ಣವನ್ನು ಉಳಿಸಿಕೊಳ್ಳಲು ಒಳ್ಳೆಯದು, ಢಾಳಾದ ಕೇಸರಿಯನ್ನು ಅಳಿಸಲು ಸಾಲದು.

ಟೋನರ್ ಅಂದರೆ ಇಲ್ಲಿ ಅಮೋನಿಯಾ ಇಲ್ಲದ, ಆಮ್ಲೀಯ, ಶೇ. 1.5ರಿಂದ 2ರ ಡೆವಲಪರ್ ಜೊತೆ ಬೆರೆಸುವ ಡೆಮಿ (ಅರೆಶಾಶ್ವತ) ಬಣ್ಣ. ಒಂದೇ ಸಲಕ್ಕೆ ಕೇಸರಿಯನ್ನು ತಣ್ಣನೆಯ ಕಂದಾಗಿಸಿದ್ದು ಇದೊಂದೇ. ನಾಲ್ಕರಿಂದ ಆರು ವಾರ ನಿಲ್ಲುತ್ತದೆ. ಆರಿಸುವಾಗಿನ ದೊಡ್ಡ ತಪ್ಪು ಮಟ್ಟದ್ದು: 6ನೇ ಮಟ್ಟದ ಕೇಸರಿಗೆ 9ನೇ ಮಟ್ಟದ ಬೂದು ಟೋನರ್ ಹಚ್ಚಿದರೆ ಏನೂ ಆಗುವುದಿಲ್ಲ, ಅದರಲ್ಲಿರುವ ವರ್ಣ ತೀರಾ ತೆಳು. ಕೂದಲು ಯಾವ ಮಟ್ಟದಲ್ಲಿದೆಯೋ ಅದೇ ಮಟ್ಟದ, ಇಲ್ಲವೇ ಒಂದು ಮಟ್ಟ ಗಾಢವಾದ ನೀಲಿ ಬೂದು ಬೇಕು. 7ಕ್ಕೆ ನೀಲಿ ನೇರಳೆ, 9ಕ್ಕೆ ನೇರಳೆ.

ಟ್ಯೂಬಿನ ಸಂಖ್ಯೆ ಓದುವಾಗಲೂ ಎಚ್ಚರ. ಚುಕ್ಕೆ ಅಥವಾ ಓರೆಗೆರೆಗೆ ಮುಂಚಿನದು ಮಟ್ಟ, ನಂತರದ್ದು ಛಾಯೆ. ಆದರೆ ಛಾಯೆಯ ಅಂಕಿ ಎಲ್ಲ ಕಂಪನಿಗೂ ಒಂದೇ ಅಲ್ಲ. ಲೋರಿಯಾಲ್‌ನಲ್ಲಿ .4 ತಾಮ್ರ, ವೆಲ್ಲಾದಲ್ಲಿ /4 ಕೆಂಪು. ಲೋರಿಯಾಲ್‌ನ .6 ಕೆಂಪು, ವೆಲ್ಲಾದ /6 ನೇರಳೆ. ಒಂದರ ಪಟ್ಟಿ ನೋಡಿ ಇನ್ನೊಂದನ್ನು ಕೊಂಡರೆ ಎಡವಟ್ಟು ಖಚಿತ.

ಟವೆಲ್‌ನಿಂದ ಒರೆಸಿದ ಒದ್ದೆ ಕೂದಲಿಗೆ ಮಧ್ಯಭಾಗದಿಂದ ಶುರುಮಾಡಿ, ತುದಿಗಳನ್ನು ಕೊನೆಯ ಐದು ನಿಮಿಷಕ್ಕೆ ಬಿಡಿ. ಬ್ಲೀಚ್ ತಿಂದ ತುದಿ ಬಣ್ಣವನ್ನು ಗಬಗಬ ಹೀರಿ ಮಸಿಯಾಗುತ್ತದೆ. ಐದನೇ ನಿಮಿಷದಿಂದ ನೋಡುತ್ತಿರಿ, 20 ದಾಟಿಸಬೇಡಿ. ಟೋನರ್‌ಗೆ 20 ವಾಲ್ಯೂಮ್ ಬೆರೆಸಿದರೆ ಅದು ಬುಡದ ಸ್ವಂತ ವರ್ಣವನ್ನು ಎತ್ತಿ, ಅಳಿಸಲು ಹೋದ ಕೇಸರಿಯನ್ನು ಬುಡದಲ್ಲಿ ಹೊಸದಾಗಿ ಹುಟ್ಟಿಸುತ್ತದೆ.

ನೇರ ಬಣ್ಣದ ದಾರಿ ನಮಗೆ ಹಿಡಿಸಿತು. 100 ಮಿಲಿ ಬಿಳಿ ಕಂಡಿಷನರ್‌ಗೆ ಬಟಾಣಿ ಗಾತ್ರದ ನೀಲಿ ನೇರ ಬಣ್ಣ, ಹತ್ತು ನಿಮಿಷ. ಪೆರಾಕ್ಸೈಡ್ ಇಲ್ಲವಾದ್ದರಿಂದ ರಿಮೂವರ್ ಆದ ಮರುದಿನವೇ ಹಚ್ಚಬಹುದು. ಕೇಸರಿ ಉಳಿದಿದ್ದರೆ ಇನ್ನೊಂದು ತೊಟ್ಟು ಸೇರಿಸಿ ಮತ್ತೆ ಹಚ್ಚಿದರಾಯಿತು. ಹೆಚ್ಚಾದರೆ ಮಾತ್ರ ಹಸಿರು ಮಿಶ್ರಿತ ಕೆಸರುಬಣ್ಣ. ಅದಕ್ಕೇ ಕಿವಿಯ ಹಿಂದಿನ ಎಳೆಯಲ್ಲಿ ಮೊದಲು ನೋಡಬೇಕು.

ಹಸಿರು, ತೀರಾ ತಿಳಿ, ಉರಿಬುಡ

ಹಳದಿ ಕೂದಲಿನ ಮೇಲೆ ನೀಲಿ ಬೂದು ಹಾಕಿದರೆ ಹಸಿರಾಗುವುದು ಸಹಜ. ತೆಳುವಾದ ಕೆಂಪು ಅಥವಾ ತಾಮ್ರದ ನೇರ ಬಣ್ಣ ಕಂಡಿಷನರ್‌ನಲ್ಲಿ ಬೆರೆಸಿ ಹಚ್ಚಿದರೆ ಹೋಗುತ್ತದೆ. ಈಜುಕೊಳದ ಹಸಿರು ಬೇರೆ, ಅದು ನೀರಿನ ತಾಮ್ರದಿಂದ ಬರುವುದು, ಅದಕ್ಕೆ ಲೋಹವನ್ನು ಹಿಡಿದು ತೆಗೆಯುವ ಕೀಲೇಟಿಂಗ್ ಶಾಂಪೂ ಬೇಕು.

ತೀರಾ ತಿಳಿಯಾದ ಕೂದಲನ್ನು ಕಂದಿಗೆ ಇಳಿಸಲು ನೇರವಾಗಿ ಕಂದು ಹಚ್ಚಬೇಡಿ. ಒಳಗಿನ ಬೆಚ್ಚನೆಯ ವರ್ಣ ಹೋಗಿರುವುದರಿಂದ ಮಂಕು ಹಸಿರಾಗಿ ಬಂದು, ನಾಲ್ಕು ತೊಳೆತಕ್ಕೆ ಮಾಸುತ್ತದೆ. 6ನೇ ಮಟ್ಟದ ಕಂದು ಬೇಕಿದ್ದರೆ ಮೊದಲು 7ರ ತಾಮ್ರ ಹೊನ್ನಿನ ಡೆಮಿ ತುಂಬಿಸಿ, ಅದರ ಮೇಲೆ ಕಂದು.

ಬುಡ ಮಾತ್ರ ಕೆಂಚಗೆ ಹೊಳೆಯುತ್ತಿದ್ದರೆ ನೆತ್ತಿಯ ಶಾಖ ಕಾರಣ. ಬುಡದ ಒಂದು ಸೆಂಟಿಮೀಟರ್‌ನಷ್ಟು ಭಾಗ ಬೇಗ ಏರುತ್ತದೆ. ಆ ಪಟ್ಟಿಗಷ್ಟೇ ಒಂದು ಮಟ್ಟ ಗಾಢವಾದ ಬೂದು ಛಾಯೆಯನ್ನು 10 ವಾಲ್ಯೂಮ್‌ನಲ್ಲಿ ಹಚ್ಚಿ, ಅಂಚನ್ನು ಬಾಚಣಿಗೆಯಿಂದ ಬೆರೆಸಿ.

ಮನೆಯೋ, ಸಲೂನೋ

ಒಂದೇ ಬಣ್ಣ ತಲೆಯಿಡೀ ಸಮವಾಗಿ ತಪ್ಪಿದ್ದರೆ ಮನೆಯಲ್ಲಿ ತಿದ್ದಬಹುದು. ಪಟ್ಟೆ, ತೇಪೆ, ಬುಡ ಒಂದು ತುದಿ ಇನ್ನೊಂದು ಎಂದಾದರೆ ಸಲೂನ್ ಮೇಲು, ಯಾಕೆಂದರೆ ಪ್ರತಿ ಪಟ್ಟಿಗೆ ಬೇರೆ ಮಿಶ್ರಣ ಬೇಕು, ಹಿಂದಲೆ ನಿಮ್ಮ ಕಣ್ಣಿಗೆ ಕಾಣದು. ಒದ್ದೆ ಎಳೆಯನ್ನು ಮೆಲ್ಲಗೆ ಎಳೆದು ನೋಡಿ. ಹಿಗ್ಗಿ ವಾಪಸ್ ಬಂದರೆ ಕೂದಲಿಗೆ ಇನ್ನೂ ಕಸುವಿದೆ. ಹಿಗ್ಗಿ ಹಾಗೇ ಉಳಿದರೆ, ಇಲ್ಲವೇ ಪಟ್ಟನೆ ತುಂಡಾದರೆ, ಯಾರ ಕೈಯಲ್ಲೂ ಇನ್ನೊಂದು ಬ್ಲೀಚ್ ಬೇಡ. ನೆತ್ತಿ ಊದಿ, ತುರಿಸಿ, ಗುಳ್ಳೆ ಎದ್ದಿದ್ದರೆ ಬಣ್ಣದ ಚಿಂತೆ ಬಿಟ್ಟು ವೈದ್ಯರನ್ನು ಕಾಣಿ. ಬಣ್ಣದಲ್ಲಿರುವ ಪಿಪಿಡಿ ಎಂಬ ರಾಸಾಯನಿಕದ ಅಲರ್ಜಿ ಒಂದೆರಡು ದಿನ ತಡವಾಗಿಯೂ ಕಾಣಿಸಿಕೊಳ್ಳುತ್ತದೆ.

ಅದೇ ಸಲೂನ್‌ಗೆ ಹೋಗುವುದಾದರೆ ಮನೆಯಲ್ಲಿ ಏನೂ ಹಚ್ಚುವ ಮುಂಚೆಯೇ ಹೋಗಿ. ಮೇಲಿಂದ ನೀವೊಂದು ಪದರ ಸೇರಿಸಿದರೆ ತಪ್ಪು ಯಾರದೆಂಬ ವಾದಕ್ಕೆ ಕೊನೆಯಿಲ್ಲ, ತಿದ್ದುವ ಲೆಕ್ಕವೂ ತಪ್ಪುತ್ತದೆ. ಹಗಲು ಬೆಳಕಿನಲ್ಲಿ ಮುಂದೆ, ಹಿಂದೆ, ಬುಡ ಮೂರರ ಫೋಟೋ ತೆಗೆದಿಟ್ಟುಕೊಳ್ಳಿ. "ಚೆನ್ನಾಗಿಲ್ಲ" ಅನ್ನುವ ಬದಲು "ನಾನು ಕೇಳಿದ್ದು 5, ಬಂದಿರುವುದು 3" ಎಂದೋ "ಮಟ್ಟ ಸರಿ, ಕೇಸರಿ ಬೇಡ" ಎಂದೋ ಹೇಳಿ. ಬಳಸಿದ ಕಂಪನಿ, ಛಾಯೆಯ ಸಂಖ್ಯೆ, ಡೆವಲಪರ್‌ನ ಶಕ್ತಿ, ಇಟ್ಟ ನಿಮಿಷ, ಈ ನಾಲ್ಕನ್ನೂ ಬರೆಸಿಕೊಳ್ಳಿ. ಬೇರೆಯವರ ಹತ್ತಿರ ಹೋದರೂ ಅವರು ಮೊದಲು ಕೇಳುವುದು ಅದನ್ನೇ. ಹಿಂದೆಂದಾದರೂ ಮದರಂಗಿ ಹಚ್ಚಿದ್ದರೆ, ಅದು ವರ್ಷದ ಹಿಂದಿನದಾದರೂ ಹೇಳಿಬಿಡಿ: ಕೂದಲು ತಿಂಗಳಿಗೆ ಸುಮಾರು ಒಂದು ಸೆಂಟಿಮೀಟರ್ ಬೆಳೆಯುವುದರಿಂದ, ಭುಜ ದಾಟಿದ ಕೂದಲಿನ ತುದಿಯಲ್ಲಿ ಅದು ಇನ್ನೂ ಇರುತ್ತದೆ.